ಬನಪ್ಪನವರ ಮೂರನೆಯ ಮಾತು

ಬನಪ್ಪನವರ ಅಂಚೆ ಕಾರ್ಡುಗಳಲ್ಲಿ ಕ್ಷೇಮ ಸಮಾಚಾರ ಇರುತ್ತಿರಲಿಲ್ಲ. ಯಾವ ಊರಲ್ಲಿ ನಾಟಕದ ಕ್ಯಾಂಪು, ಯಾವ ಪಾತ್ರ, ಆ ಪಾತ್ರಕ್ಕೆ ಕೊನೆಗೆ ಏನಾಗುತ್ತದೆ, ಇಷ್ಟನ್ನೇ ಬರೆಯುತ್ತಿದ್ದರು. ‘ಮುಧೋಳ. ಸಾಹುಕಾರನ ಪಾರ್ಟು. ಎರಡನೇ ಅಂಕದಾಗ ವಿಷ ಕುಡದು ಸಾಯತೇನಿ. ಜನ ಒನ್ಸ್ ಮೋರ್ ಅಂತಾರ, ಎದ್ದು ಮತ್ತ ಸಾಯತೇನಿ.’ ಇನ್ನೊಮ್ಮೆ: ‘ಗಜೇಂದ್ರಗಡ. ಗಾಳಿಗೆ ಥೇಟರಿನ ತಗಡು ಹಾರಿದವು. ಪಾರ್ಟು ಹಾರಿಲ್ಲ.’

ನಾನು ಹುನಗುಂದದಲ್ಲಿ ಕನ್ನಡ ಸಾಲಿ ಮಾಸ್ತರ. ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ನಾಟಕ ಕಂಪನಿ ನಮ್ಮೂರಲ್ಲಿ ಮೂರು ತಿಂಗಳು ಡೇರೆ ಹಾಕಿತ್ತು. ಅವರ ನಾಟಕದ ಕೈಪ್ರತಿಯನ್ನು ಗೆದ್ದಲು ತಿಂದಿದ್ದರಿಂದ, ನನ್ನ ಅಕ್ಷರ ದುಂಡಗಿವೆ ಎಂದು ಯಾರೋ ಹೇಳಿ, ಹೊಸ ಪ್ರತಿ ಬರೆಯಲು ಕರೆದರು. ಬರೆಯಲು ಕೂತಾಗ ಹರಿದ ಪುಟಗಳ ಮಾತುಗಳನ್ನು ನೆನಪಿನಿಂದ ಹೇಳಿಕೊಟ್ಟವರು ಬನಪ್ಪನವರು. ತಮ್ಮ ಪಾತ್ರದ್ದಷ್ಟೇ ಅಲ್ಲ, ನಾಯಕಿಯದನ್ನೂ ಹೇಳಿದರು.

ಆಗ ಅವರಿಗೆ ನಲವತ್ತರ ಆಸುಪಾಸು. ಇಳಕಲ್ಲಿನ ನೇಕಾರರ ಮನೆಯವರು. ಹದಿನೆಂಟಕ್ಕೆ ಮಗ್ಗದಿಂದ ಎದ್ದು ಕಂಪನಿ ಸೇರಿದ್ದರು. ನಮ್ಮ ಮನೆಗೆ ಬಂದರೆ ಬಾಗಿಲಿನಿಂದ ಮುಖ ಕಾಣುವ ಹಾಗೆಯೇ ಕೂಡುತ್ತಿದ್ದರು. ನೀರು ಕೇಳಿದರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ‘ಸಣ್ಣಗ ಮಾತಾಡ್ರೀಪಾ, ಕೂಸು ಮಲಗೇತಿ’ ಎಂದು ನನ್ನ ಹೆಂಡತಿ ಬೈದರೆ, ‘ತಂಗೀ, ಹಿಂದಿನ ಸಾಲಿನಾಂವನೂ ಮನಶ್ಯಾನ ಅಲ್ಲೇನವಾ’ ಎನ್ನುತ್ತಿದ್ದರು.

ನನಗೆ ಒಂದು ಕುತೂಹಲವಿತ್ತು. ರಂಗದ ಮೇಲೆ ಅವರು ಅಳುವಾಗ ಖರೆ ಅಳುತ್ತಾರೋ, ಸುಳ್ಳೋ? ಮೂರು ತಿಂಗಳಲ್ಲಿ ಹತ್ತು ಸಲವಾದರೂ ಕೇಳಿರಬೇಕು. ಒಂದು ಸಲ ಮಾತ್ರ ಸರಿಯಾಗಿ ಉತ್ತರ ಕೊಟ್ಟರು. ‘ಖರೆ ಅಳು ಬಂದ್ರ ಮಾತು ಮರೀತೈತ್ರಿ ಮಾಸ್ತರ. ಸುಳ್ಳ ಅತ್ರ ಜನಕ್ಕ ಗೊತ್ತಾಕ್ಕೈತಿ. ನಡುವ ಒಂದು ಸಣ್ಣ ಜಾಗಾ ಐತಿ, ಅಲ್ಲಿ ನಿಂದರಬೇಕು. ಎಲ್ಲಿ ಐತಿ ಅಂತ ಕೇಳಬ್ಯಾಡ್ರಿ, ದಿನಾ ಹುಡುಕಬೇಕದು.’

ಕಂಪನಿ ಹೋದ ಮೇಲೆ ಮೂರು ವರ್ಷ ಕಾರ್ಡು ಬಂದವು. ಆಮೇಲೆ ಒಂದು ದಿನ ಬಂದ ಕಾರ್ಡಿನಲ್ಲಿ ಒಂದೇ ಸಾಲು: ‘ಬಾಗಲಕೋಟಿ ದವಾಖಾನಿ. ಪಾರ್ಟು ಇಲ್ಲ.’

ನೋಡಲು ಹೋದೆ. ಗಂಟಲಲ್ಲಿ ಗಂಟು ಎಂದು ಡಾಕ್ಟರು ಹೇಳಿದ್ದರು. ಅದನ್ನು ತೆಗೆದರು, ಪ್ರಾಣಕ್ಕೆ ಭಯವಿರಲಿಲ್ಲ. ಆದರೆ ಕೂಗಬಾರದು. ನೂರಿನ್ನೂರು ಜನಕ್ಕೆ ಕೇಳುವಂತೆ ದಿನಾ ಕೂಗಿದರೆ ಇದ್ದ ಧ್ವನಿಯೂ ಹೋಗುತ್ತದೆ. ಕಂಪನಿಯ ಮಾಲೀಕರು ಒಂದು ಧೋತರ ಕೊಟ್ಟು ಬೀಳ್ಕೊಟ್ಟರು. ಬನಪ್ಪನವರು ಇಳಕಲ್ಲಿಗೆ ಹೋಗಿ ಅಪ್ಪನ ಕುಣಿ ಮಗ್ಗದಲ್ಲಿ ಕಾಲಿಳಿಸಿ ಕೂತರು. ಕಾರ್ಡು ನಿಂತವು.

ಎಂಬತ್ತರ ದಶಕದ ಆರಂಭದಲ್ಲಿ ಅವರೇ ಹುನಗುಂದಕ್ಕೆ ಬಂದರು. ಬಾಯಲ್ಲಿ ಕಲ್ಲುಸಕ್ಕರೆ, ಮುಖದಲ್ಲಿ ಹಳೆಯ ಕಳೆ. ಬೆಂಗಳೂರಿನ ಕೆಲವು ಹುಡುಗರು ಬಾದಾಮಿಯಲ್ಲಿ ಸಿನೆಮಾ ತೆಗೆಯುತ್ತಾರಂತೆ. ಹಾಡಿಲ್ಲ, ಕುಣಿತವಿಲ್ಲ, ಒಬ್ಬ ಮುದುಕ ನೇಕಾರನ ಕಥೆ. ಮಗ್ಗ ಬಲ್ಲ ನಟ ಬೇಕೆಂದು ಹುಡುಕಿಕೊಂಡು ಇಳಕಲ್ಲಿಗೆ ಬಂದಿದ್ದರಂತೆ.

‘ಕೂಗೋದಿಲ್ರಿ ಮಾಸ್ತರ! ಮೈಕು ಇಲ್ಲೇ ತಲಿ ಮ್ಯಾಲ ಇರತೈತಿ. ನನಗಂತನ ಮಾಡ್ಯಾರ ಈ ಸಿನೆಮಾ ಅನ್ನೂದು.’ ಆಮೇಲೆ ದನಿ ತಗ್ಗಿಸಿ, ‘ಗಂಟಲದ ಸುದ್ದಿ ಅವರಿಗೆ ಹೇಳಿಲ್ಲ’ ಎಂದರು.

ನನ್ನನ್ನೂ ಅವರೇ ಸೇರಿಸಿದರು. ಪ್ರತಿ ಶಾಟಿನಲ್ಲಿ ಏನೇನು ನಡೆಯಿತೆಂದು ಬರೆದಿಡಲು ಒಬ್ಬರು ಬೇಕಿತ್ತು. ಚೊಂಬು ಎಡಕ್ಕಿತ್ತೋ ಬಲಕ್ಕೋ, ಅಂಗಿಯ ಗುಂಡಿ ಎಷ್ಟು ಹಾಕಿತ್ತು, ಇಂಥವು. ‘ಇವರ ಅಕ್ಷರ ನೋಡ್ರಿ, ಇವರ ಕಣ್ಣ ನೋಡ್ರಿ’ ಎಂದು ನಿರ್ದೇಶಕರ ಮುಂದೆ ನನ್ನನ್ನು ನಿಲ್ಲಿಸಿದರು. ದೀಪಾವಳಿ ಸೂಟಿಯಾದ್ದರಿಂದ ಒಪ್ಪಿದೆ. ಪುಟದ ಕೊನೆಯಲ್ಲಿ ಟಿಪ್ಪಣಿಗೆಂದು ಒಂದು ಕಾಲಂ ಇತ್ತು, ಅದಕ್ಕೆ ‘ಷರಾ’ ಎಂದು ನಾನೇ ಹೆಸರು ಬರೆದೆ.

ಐದನೆಯ ದಿನ ಬನಪ್ಪನವರು ಒಂದು ತಪ್ಪು ಮಾಡಿದರು. ಬಾದಾಮಿಯ ಹೊಂಡದ ಆಚೆಯ ಹಳೆಯ ಮನೆಯಲ್ಲಿ ಮಗ್ಗ ಹೂಡಿದ್ದರು. ಅರ್ಧ ದೃಶ್ಯ ತೆಗೆದು ಎಲ್ಲರೂ ಊಟಕ್ಕೆ ಎದ್ದರು. ಬನಪ್ಪನವರು ರೊಟ್ಟಿ ತಿಂದು ಬೇಗ ಬಂದು ಮಗ್ಗಕ್ಕೆ ಕೂತರು. ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ನಾವು ಬರುವಷ್ಟರಲ್ಲಿ ಕಪ್ಪು ಒಡಲಿನ ಮುಂದಿನ ಕೆಂಪು ಸೆರಗು ಎಂಟು ಬೆರಳಷ್ಟಾಗಿತ್ತು. ನನ್ನ ಪುಸ್ತಕದಲ್ಲಿ ‘ಕೆಂಪು, ನಾಲ್ಕು ಬೆರಳು’ ಎಂದಿತ್ತು.

‘ಏನ್ ಸರ್ ಇದು? ಅದೇ ಕ್ಷಣದಲ್ಲಿ ಸೀರೆ ಹೇಗೆ ಬೆಳೆಯುತ್ತೆ?’ ಎಂದು ನಿರ್ದೇಶಕರು ತಲೆ ಹಿಡಿದುಕೊಂಡರು.

‘ತಪ್ಪಾತ್ರಿ. ಮಗ್ಗದ ಮುಂದ ಕೂತು ಲಾಳಿ ಒಗೀದ ಹ್ಯಾಂಗಿರೂದ್ರಿ? ತಡೀರಿ, ಬಿಚ್ಚತೇನಿ.’

ಬಿಚ್ಚಲು ಕೂತರು. ಒಂದೊಂದೇ ಎಳೆಯನ್ನು ಉಗುರಿನಿಂದ ಎಬ್ಬಿಸಿ, ಹಾಸಿನ ಎಳೆ ಹರಿಯದಂತೆ ಎಳೆದು, ಮತ್ತೆ ಲಾಳಿಯ ಕಂಡಿಕೆಗೆ ಸುತ್ತುತ್ತಿದ್ದರು. ಸುತ್ತಲಿನವರನ್ನು ಮರೆತಿದ್ದರು. ತುಟಿ ಸ್ವಲ್ಪ ತೆರೆದಿತ್ತು. ತಾವು ನೇಯ್ದದ್ದನ್ನು ತಾವೇ ತೆಗೆಯುವಾಗ ಆ ಮುಖದಲ್ಲಿ ಏನಿತ್ತೋ, ನಿರ್ದೇಶಕರು ಸದ್ದಿಲ್ಲದೆ ಕೈ ಎತ್ತಿದರು, ಕ್ಯಾಮೆರಾ ತಿರುಗತೊಡಗಿತು. ಬನಪ್ಪನವರಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ‘ಅಯ್ಯ, ನಾ ಏನೂ ಮಾಡ್ಲೇ ಇಲ್ಲಲ್ರಿ!’ ಎಂದು ನಾಚಿಕೊಂಡರು.

ಕೊನೆಯ ದಿನ ಅವರ ಮಾತಿನ ದೃಶ್ಯ. ಇಡೀ ಸಿನೆಮಾದಲ್ಲಿ ಆ ಮುದುಕ ಬಾಯಿ ಬಿಡುವುದು ಅಲ್ಲಿಯೇ. ಮಗ್ಗ ಕೊಳ್ಳಲು ಬಂದವನಿಗೆ ಹೇಳುತ್ತಾನೆ: ‘ಈ ಮಗ್ಗ ನಮ್ಮಪ್ಪಂದು. ನಾ ಸತ್ತ ಮ್ಯಾಲ ನನ್ನ ಮಗಂದು. ನಡುವ ಮಾರಾಕ ನಾ ಯಾರು?’

ಮೂರನೆಯ ಮಾತಿನಲ್ಲಿ, ‘ನಾ’ ಎಂಬಲ್ಲಿ, ಧ್ವನಿ ಒಡೆಯಿತು. ಒಣ ಕಟ್ಟಿಗೆ ಸೀಳಿದಂತೆ ಕೇಳಿತು. ನಿರ್ದೇಶಕರು ‘ಓಕೆ’ ಎಂದರು. ನಾನು ಷರಾ ಕಾಲಂನಲ್ಲಿ ಬರೆದೆ: ‘ಮೂರನೆಯ ಮಾತಿನಲ್ಲಿ ಧ್ವನಿ ಒಡೆದಿದೆ.’

ಬನಪ್ಪನವರು ಬಂದು ನನ್ನ ಹೆಗಲ ಮೇಲಿನಿಂದ ಓದಿದರು.

‘ಮಾಸ್ತರ, ಅದನ್ನ ಹೊಡದ ಹಾಕ್ರಿ.’

‘ನಡದದ್ದು ಬರೀಬೇಕಲ್ರಿ.’

‘ಒಡದದ್ದು ಆ ಮುದುಕಂದ್ರಿ. ನಂದಲ್ಲ.’

ನಾನು ಅವರ ಮುಖ ನೋಡಿದೆ. ದವಾಖಾನೆಯ ಮಂಚ ನೆನಪಾಯಿತು. ಮರೆಮಾಚಲು ಹೇಳುತ್ತಿದ್ದಾರೆ ಎನಿಸಿತು. ಕರುಣೆಯೂ ಬಂತು, ಆದರೂ ಹೊಡೆದು ಹಾಕಲಿಲ್ಲ. ಕೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದುಕೊಂಡೆ.

ಆರು ತಿಂಗಳ ಮೇಲೆ ನಿರ್ದೇಶಕರ ಸಹಾಯಕ ನನಗೆ ಪತ್ರ ಬರೆದ. ನನ್ನ ಟಿಪ್ಪಣಿ ಬಹಳ ಉಪಯೋಗವಾಯಿತಂತೆ. ಷರಾ ನೋಡಿದ್ದರಿಂದ ಮೊದಲೇ ತಯಾರಾಗಿ, ಆ ಮೂರು ಮಾತುಗಳನ್ನು ಸ್ಟುಡಿಯೋದಲ್ಲಿ ಬೇರೊಬ್ಬರಿಂದ ಹೇಳಿಸಿದರಂತೆ. ಪತ್ರವನ್ನು ಮಡಚಿ ಇಟ್ಟೆ. ಇಳಕಲ್ಲು ನನ್ನ ಊರಿನಿಂದ ಬಸ್ಸಿನಲ್ಲಿ ಅರ್ಧ ತಾಸು. ಹೋಗಿ ಹೇಳಲಿಲ್ಲ.

ಬಾಗಲಕೋಟೆಯ ಒಂದು ಟಾಕೀಸಿನಲ್ಲಿ ಭಾನುವಾರ ಮುಂಜಾನೆ ಒಂದೇ ಆಟ ಹಾಕಿದರು. ಬನಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನೂ ಓಣಿಯ ಆರೇಳು ನೇಕಾರರನ್ನೂ ಕರೆದುಕೊಂಡು ಬಂದಿದ್ದರು. ಸೆರಗು ಬಿಚ್ಚುವ ದೃಶ್ಯ ಬಂದಾಗ ಆ ನೇಕಾರರಲ್ಲಿ ಒಬ್ಬ ಉಸಿರೆಳೆದದ್ದು ನನಗೆ ಕೇಳಿತು. ಇಡೀ ಟಾಕೀಸು ಅಷ್ಟು ಸುಮ್ಮನಿತ್ತು. ಆಮೇಲೆ ಮುದುಕ ಬಾಯಿ ತೆರೆದ. ತುಂಬು ಕಂಠದ, ನಯವಾದ ಮೈಸೂರು ಕಡೆಯ ಧ್ವನಿ ಬಂತು: ‘ಈ ಮಗ್ಗ ನಮ್ಮ ತಂದೆಯದು...’

‘ಏ ಬನಪ್ಪಾ, ಯಾವಾಗ ಸೋಸಿದಿಲೇ ಗಂಟಲಾ!’ ಎಂದ ಒಬ್ಬ. ಉಳಿದ ನೇಕಾರರು ನಕ್ಕರು. ಬನಪ್ಪನವರ ಹೆಂಡತಿ ಮಾತ್ರ ಪರದೆಯನ್ನೂ ಗಂಡನನ್ನೂ ಬದಲಿಸಿ ಬದಲಿಸಿ ನೋಡಿದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಹಿಂದೆ ಕೂತೆ. ಹುನಗುಂದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಬನಪ್ಪನವರು ಇಳಿದು ನನ್ನ ಜೊತೆ ಹೋಟೆಲಿಗೆ ಬಂದರು. ಚಹಾ ಬಂತು. ನಾನು ಹೇಳಿದೆ: ಷರಾ, ಪತ್ರ, ಎಲ್ಲ.

‘ಗೊತ್ತೈತ್ರಿ. ನನಗೂ ಬರದಿದ್ದ ಆ ಹುಡುಗ.’

‘ಖರೆ ಹೇಳ್ರಿ ಬನಪ್ಪನವರ. ಅವತ್ತ ಧ್ವನಿ ತಾನ ಒಡೀತೋ, ನೀವ ಒಡದ್ರೋ?’

ಅವರು ಚಹಾದ ಬಸಿ ಕೆಳಗಿಟ್ಟರು. ಕೂತಲ್ಲಿಂದಲೇ ಮುದುಕನ ಆ ಮೂರು ಮಾತು ಹೇಳಿದರು. ಮೂರನೆಯ ಮಾತಿನಲ್ಲಿ, ‘ನಾ’ ಎಂಬಲ್ಲಿ, ಅದೇ ಸೀಳು, ಅಷ್ಟೇ ಉದ್ದ. ಆಮೇಲೆ ಮೊದಲಿನಿಂದ ಇನ್ನೊಮ್ಮೆ ಹೇಳಿದರು. ಈ ಸಲ ಕಂಪನಿಯ ಕಾಲದ ಕಂಠ. ‘ನಡುವ ಮಾರಾಕ ನಾ ಯಾರು?’ ಎಲ್ಲಿಯೂ ಒಂದು ಎಳೆ ಕಡಿಯಲಿಲ್ಲ. ಹೋಟೆಲಿನಲ್ಲಿದ್ದವರೆಲ್ಲ ತಿರುಗಿದರು. ಹೊರಗೆ ಕಂಡಕ್ಟರ್ ಸೀಟಿ ಊದಲು ಎತ್ತಿದ್ದವನು ಹಾಗೆಯೇ ನಿಂತ.

ಬನಪ್ಪನವರು ಗಂಟಲು ಹಿಡಿದುಕೊಂಡು ನೀರಿಗೆ ಸನ್ನೆ ಮಾಡಿದರು, ಕುಡಿದರು, ನನ್ನ ಕೈಯನ್ನು ಒಮ್ಮೆ ಒತ್ತಿ ಬಸ್ಸು ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮರುವರ್ಷ ಇಳಕಲ್ಲಿನಲ್ಲಿ ತೀರಿಕೊಂಡರೆಂದು ಮಣ್ಣು ಮಾಡಿದ ಮೇಲೆ ತಿಳಿಯಿತು.

ಅಂದು ಬಸ್ಸು ಹೋದ ಮೇಲೆ ಹೋಟೆಲಿನ ಮಾಲೀಕ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದ.

‘ಯಾರ್ರಿ ಮಾಸ್ತರ ಅವರು? ಏನ ಧ್ವನಿರೀ ಅದು! ಇಂಥಾವರು ಸಿನೆಮಾಕ್ಕ ಹೋಗಬಾರದೇನ್ರಿ?’

‘ಹೋಗಿದ್ದರು’ ಎಂದೆ. ಎರಡು ಚಹಾದ ದುಡ್ಡು ಅವನ ಕೈಗಿಟ್ಟು ಹೊರಬಿದ್ದೆ.