ಮದುವೆಯಿಂದ ಬಂದವರ ಸ್ನಾನ

ಹಳೆಯ ಸ್ಮಶಾನದ ನಡುವೆ ಇರುವ ಆ ಲೂಥರನ್ ಚರ್ಚಿಗೆ ನಾನು ಹೋಗಿದ್ದು ಒಂದೇ ಸಲ, ಪಕ್ಕದ ಮನೆಯ ಹುಡುಗಿಯ ಮದುವೆಗೆ. ಕಲ್ಲಿನ ಗೋಡೆ, ಮರದ ಬೆಂಚು, ಕಿಟಕಿಯಾಚೆ ಶಿಲುಬೆಗಳು. ಗೋಡೆ ಕಲ್ಲಿನದೇ ಆಗಿತ್ತೇ? ಹಳೆಯ ಚರ್ಚು ಎಂದರೆ ಕಲ್ಲು ಎಂದು ಮನಸ್ಸು ತಾನೇ ಕಟ್ಟಿಕೊಂಡಿರಬಹುದು. ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಬಿರಿಯಾನಿಯ ಬಗ್ಗೆ ಮಾತ್ರ.

ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಸ್ಮಶಾನಕ್ಕೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಓಡಾಡುವಂತಿಲ್ಲ. ಮದುವೆಗೆ ಹೋಗಿ ಬಂದವರು ಆ ದಿನ ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಅಶುಭ. ಎರಡೂ ಅಮ್ಮನ ಕಟ್ಟುನಿಟ್ಟು. ಎರಡೂ ಒಂದೇ ದಿನ ಬಂದರೆ?

ಪಕ್ಕದ ಮನೆಯ ಆಂಟಿ ಮಗಳೊಂದಿಗೆ ಮದುವೆ ಪತ್ರಿಕೆ ಕೊಡಲು ಬಂದಾಗ ಅಮ್ಮ ಕೇಳಿಯೇಬಿಟ್ಟಳು: "ಅಲ್ರೀ, ಸಮಾಧಿಗಳ ಮಧ್ಯ ಮದುವೆನಾ?"

"ಏನ್ ಮಾಡ್ಲಿ ಕಣ್ರೀ, ನಮ್ಮ ಚರ್ಚ್ ಇರೋದೇ ಅಲ್ಲಿ. ನಮ್ಮತ್ತೆನೂ ಅಲ್ಲೇ ಮಲಗಿರೋದು. ಬದುಕಿದ್ದಾಗ ಯಾವ ಮದುವೆಗೂ ಟೈಮಿಗೆ ಬಂದೋರಲ್ಲ, ಇದಕ್ಕೆ ಎಲ್ರಿಗಿಂತ ಮುಂಚೆ ಹೋಗಿ ಕಾಯ್ತಿದಾರೆ!"

ಅಮ್ಮ ನಕ್ಕಳು. ಬರುತ್ತೇನೆ ಎನ್ನಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಕೈಯಲ್ಲೇ ಜಡೆ ಹಾಕಿಸಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ಮುಖ ಸಪ್ಪೆ ಮಾಡಿದಳು. "ಆಂಟಿ, ನೀವು ಗೇಟಲ್ಲೇ ನಿಂತ್ರೆ ನಾನೂ ಒಳಗೆ ಹೋಗಲ್ಲ."

ಅಮ್ಮ ಬಂದಳು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಯಾರ ಸಮಾಧಿಗೂ ಸೆರಗು ತಾಗದಂತೆ ನಡೆದಳು. ನನಗೆ ಬೇರೆಯದೇ ಕುತೂಹಲ. ಚರ್ಚು ಮೊದಲು ಬಂತೋ, ಸಮಾಧಿಗಳೋ? ಬೆಂಚಿನಲ್ಲಿ ಪಕ್ಕ ಕೂತಿದ್ದ ಹಿರಿಯರನ್ನು ಪಿಸುಗುಟ್ಟಿ ಕೇಳಿದೆ. "ಪ್ರೇಯರ್ ನಡೀತಿದೆಯಮ್ಮಾ," ಎಂದರು.

ಎಲ್ಲ ಮುಗಿದ ಮೇಲೆ ಹುಡುಗಿ ತನ್ನ ಕೈಯಲ್ಲಿದ್ದ ಹೂಗಳಲ್ಲಿ ಕೆಲವನ್ನು ಅಜ್ಜಿಯ ಸಮಾಧಿಗಿಟ್ಟಳು. ಅಲ್ಲೇ ನಿಂತು, ಉಳಿದವುಗಳಿಂದ ಒಂದು ಗುಲಾಬಿ ಕಿತ್ತು ಅಮ್ಮನ ಮುಡಿಗೆ ಸಿಕ್ಕಿಸಿದಳು. ಅಮ್ಮನ ಕೈ ಮೇಲೆ ಹೋಯಿತು. ತೆಗೆಯಲೋ, ಸರಿಮಾಡಿಕೊಳ್ಳಲೋ, ಹೇಳಲಾರೆ. ಹೂವು ಮಾತ್ರ ಅಲ್ಲೇ ಉಳಿಯಿತು.

ಹೆಬ್ಬಾಳದ ಟ್ರಾಫಿಕ್ಕು ದಾಟಿ ಮನೆಗೆ ಬಂದ ಅಮ್ಮ ಕಾಲು ತೊಳೆದು, ಹೂವಿನ ಸಮೇತ ಒಳಗೆ ನಡೆದಳು ಎಂದು ನನ್ನ ನೆನಪು. ಸೀದಾ ಬಚ್ಚಲಿಗೆ ಹೋದಳು ಎಂದು ತಂಗಿ ಆಣೆ ಮಾಡುತ್ತಾಳೆ. ನನಗೆ ಬೇಕಾದಂಥ ಅಮ್ಮನನ್ನು ನಾನು ನೆನಪಿಟ್ಟುಕೊಂಡಿದ್ದೇನೆಯೇ?

ಮೊನ್ನೆ ಅಮ್ಮನನ್ನೇ ಕೇಳಿದೆ. ಅವಳು ಹುರುಳೀಕಾಯಿ ನಾರು ತೆಗೆಯುತ್ತಿದ್ದಳು.

"ಮೈಗೆ ಮಾತ್ರ ನೀರು ಹಾಕ್ಕೊಂಡೆ ಕಣೇ," ಎಂದಳು. "ತಲೆಗೆ ಹಾಕ್ಕೊಂಡಿದ್ರೆ ಅವಳು ಮುಡಿಸಿದ ಹೂವು ತೆಗೀಬೇಕಿತ್ತಲ್ಲ."