ಹದಿನಾಲ್ಕನೇ ಬಸ್ಸಿನ ಅಯಸ್ಕಾಂತ

ಹೊಗೆಯಕ್ಕನಿಗೆ ಸಹಿ ಹಾಕಲು ಬರುವುದಿಲ್ಲವೆಂದು ಬಸ್ ಡಿಪೋದ ಆಫೀಸಿನಲ್ಲಿ ಈಗ ತಮಾಷೆ ಮಾಡುತ್ತಾರಂತೆ. ಬರುತ್ತದೆ ಸ್ವಾಮಿ. ಮೂವತ್ತು ವರ್ಷದಿಂದ ಹಾಜರಿ ಪುಸ್ತಕದಲ್ಲಿ ದಿನಾ ಹಾಕಿದ್ದಾಳೆ. ಒಂದೇ ಒಂದು ಕಾಗದಕ್ಕೆ ಹಾಕಲಿಲ್ಲ, ಅಷ್ಟೇ.

ಬೆಳಿಗ್ಗೆ ಬಸ್ಸುಗಳು ಹೊರಡುವಾಗ ಗೇಟಿನ ಪಕ್ಕ ನಿಂತು, ಹಿಂದಿನ ಹೊಗೆ ನೋಡಿಯೇ ಯಾವುದರ ಹೊಟ್ಟೆ ಕೆಟ್ಟಿದೆ ಎಂದು ಹೇಳುತ್ತಿದ್ದುದರಿಂದ ಅವಳಿಗೆ ಆ ಹೆಸರು ಅಂಟಿಕೊಂಡಿತು. ವರ್ಕ್‌ಶಾಪಿನ ಮೂಲೆಯಲ್ಲಿ ಹತ್ತಡಿಯ ಕೋಣೆ, ಒಂದು ಕಿಟಕಿ, ಡೀಸೆಲ್ ಕುಡಿದು ಕಪ್ಪಾದ ಮೇಜು. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಆ ಮೇಜಿಗೆ ಬಿಗಿದು, ಕೈಪಂಪು ಒತ್ತಿ ನೋಡುವುದು ಅವಳ ಕೆಲಸ. ಎಣ್ಣೆ ಹಬೆಯಷ್ಟು ನಯವಾಗಿ ಹರಡಿದರೆ ಪೂರ್ತಿ ಉರಿಯುತ್ತದೆ. ಹನಿಹನಿಯಾಗಿ ತೊಟ್ಟಿಕ್ಕಿದರೆ ಉರಿಯದೆ ಉಳಿದದ್ದು ಕಪ್ಪು ಹೊಗೆಯಾಗಿ ನಮ್ಮ ನಿಮ್ಮ ಮೂಗಿಗೆ ಬರುತ್ತದೆ. ಈ ಕೆಲಸ ಕಲಿಸಿದ್ದು ಅವಳ ಅಪ್ಪ. ಒಮ್ಮೆ ಮೈಮರೆತು ಚಿಮ್ಮುವ ಎಣ್ಣೆಗೆ ಬೆರಳು ಒಡ್ಡಿದ್ದ. ಸೂಜಿಯಂತೆ ಚರ್ಮ ತೂರಿ ಒಳಹೋಯಿತು, ಬೆರಳನ್ನೇ ತೆಗೆಯಬೇಕಾಯಿತು. ಉಳಿದ ನಾಲ್ಕು ಬೆರಳಲ್ಲೇ ಮಗಳಿಗೆ ವಿದ್ಯೆ ದಾಟಿಸಿದ.

ಹೀಗಿರುವಾಗ ಡಿಪೋಗೆ ಅಯಸ್ಕಾಂತ ಬಂತು. ಸಾಬೂನಿನ ಗಾತ್ರದ್ದು. ಡೀಸೆಲ್ ಪೈಪಿಗೆ ಹೊರಗಿನಿಂದ ಕಚ್ಚಿಸಿದರೆ ಸಾಕು, ಮೈಲೇಜ್ ತಾನಾಗಿ ಏರುತ್ತದಂತೆ. ಮ್ಯಾನೇಜರ್ ಒಂಬತ್ತು ಬಸ್ಸುಗಳನ್ನು ಪರೀಕ್ಷೆಗೆ ಆರಿಸಿದರು. ಅವುಗಳಲ್ಲಿ ಎಂಟಕ್ಕೆ ಅದೇ ವಾರ ಹೊಗೆಯಕ್ಕ ಹೊಸ ನಾಜಲ್ ಹಾಕಿದ್ದಳು. ಅದನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಪರೀಕ್ಷೆ ಎಲ್ಲಿರುತ್ತಿತ್ತು? ಹದಿನಾಲ್ಕನೇ ನಂಬರಿನ ಬಸ್ಸು ಮಾತ್ರ ದೂರದ ರೂಟಿನಲ್ಲಿತ್ತು. ತಡವಾಗಿ ಬಂದ ಅದಕ್ಕೆ ಅಯಸ್ಕಾಂತವಷ್ಟೇ ಸಿಕ್ಕಿತು.

ತಿಂಗಳ ಕೊನೆಗೆ ಕಬ್ಬಿಣದ ನೋಟಿಸ್ ಬೋರ್ಡಿನ ಮೇಲೆ ಪಟ್ಟಿ ಬಿತ್ತು. ಎಂಟು ಬಸ್ಸುಗಳು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ದಾಟಿದ್ದವು. ಹದಿನಾಲ್ಕು ಇದ್ದಲ್ಲೇ ಇತ್ತು: ನಾಲ್ಕು. ಅದರ ಸುತ್ತ ಕೆಂಪು ಶಾಯಿ. ಒರಟಾಗಿ ಓಡಿಸುತ್ತಾನೆಂದು ಡ್ರೈವರಿಗೆ ಮೆಮೊ. ಹತ್ತು ದಿನದಲ್ಲಿ ಸರಿಹೋಗದಿದ್ದರೆ ಸ್ಟೇರಿಂಗ್ ಬಿಟ್ಟು ಬಸ್ಸು ತೊಳೆಯಲು ಹೋಗಬೇಕು. ಆ ಡ್ರೈವರ್ ಹೊಗೆಯಕ್ಕನ ಅಕ್ಕನ ಗಂಡ.

ಅದೇ ದಿನ ಮ್ಯಾನೇಜರ್ ಅವಳನ್ನು ಕರೆಸಿ ಒಂದು ಫಾರಂ ಮುಂದಿಟ್ಟರು. ‘ಮೈಲೇಜ್ ಏರಿದ್ದು ಈ ಉಪಕರಣದಿಂದಲೇ’ ಎಂದು ನಾಜಲ್ ಕೋಣೆಯವರು ಸಹಿ ಹಾಕಬೇಕು. ಹಾಕಿದರೆ ಇಡೀ ಡಿಪೋಗೆ ಅಯಸ್ಕಾಂತ, ಹೊಸ ನಾಜಲ್ ತರಿಸುವುದು ಬಂದ್.

“ಹಾಕಮ್ಮ, ಎಷ್ಟು ಹೊತ್ತಿನ ಕೆಲಸ ನಿಂಗೆ,” ಎಂದರು. ತಮಗಿಂತ ಹತ್ತು ವರ್ಷ ದೊಡ್ಡವಳಿಗೆ ಏಕವಚನ.

“ಹೊತ್ತೇನೂ ಬೇಡ ಸಾರ್. ಸುಳ್ಳಾಗುತ್ತೆ.”

“ಎಂಟು ಬಸ್ಸು ಸುಳ್ಳು ಹೇಳ್ತವಾ?”

“ಎಂಟಕ್ಕೂ ನಾನು ಹೊಸ ನಾಜಲ್ ಹಾಕಿದ್ದೆ. ನಿಜ ಹೇಳ್ತಿರೋದು ಹದಿನಾಲ್ಕು ಒಂದೇ. ಅದಕ್ಕೇ ಮೆಮೊ ಕೊಟ್ಟಿದ್ದೀರಿ.”

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ತಳ್ಳಿದರು. “ಅದನ್ನ ಓಡಿಸೋನು ನಿನ್ನ ಭಾವ ಅಲ್ವಾ? ನೀನು ಇದಕ್ಕೆ ಸಹಿ ಹಾಕು, ಆ ಮೆಮೊ ನಾನು ಹರಿದು ಹಾಕ್ತೀನಿ.”

ಅವಳು ಮುಚ್ಚಳವನ್ನು ಪೆನ್ನಿಗೆ ಹಾಕಿಟ್ಟು ಎದ್ದು ಬಂದಳು.

ಸಂಜೆ ಅಕ್ಕನ ಮನೆಗೆ ಹೋದಾಗ ಅಕ್ಕ ಗಂಡನ ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದಳು. ಸುದ್ದಿ ಆಗಲೇ ಅಲ್ಲಿಗೆ ತಲುಪಿತ್ತು.

“ನಿಂದೇನು ಗಂಟು ಹೋಗುತ್ತೆ? ಒಂದು ಗೀಟು ಎಳೆದು ಬಾ.”

“ಆ ಗೀಟು ಎಳೆದ್ರೆ ಎಲ್ಲಾ ಬಸ್ಸೂ ಹದಿನಾಲ್ಕರ ಥರಾನೇ ಆಗುತ್ತೆ ಅಕ್ಕ. ಆಮೇಲೆ ಎಲ್ಲಾ ಡ್ರೈವರಿಗೂ ಮೆಮೊ.”

“ಊರಿನ ಡ್ರೈವರುಗಳನ್ನೆಲ್ಲ ನಾನು ಕಟ್ಕೊಂಡಿದ್ದೀನಾ? ಇರೋನು ಒಬ್ಬ.”

ಆ ಒಬ್ಬ ಬಾಗಿಲ ಹತ್ತಿರ ಕೂತು ಶೂ ಲೇಸು ಬಿಚ್ಚುತ್ತಿದ್ದ. “ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದೋನು. ಈಗ ನೀರಿನ ಪೈಪ್ ಹಿಡೀಬೇಕಂತೆ,” ಎಂದ. ಇನ್ನೊಂದು ಶೂವಿನ ಲೇಸಿಗೆ ಕೈ ಹಾಕುತ್ತ ಕೇಳಿದ: “ಸಹಿ ಹಾಕ್ತೀಯೋ ಇಲ್ವೋ?”

“ಇಲ್ಲ ಭಾವ. ನಾಳೆ ಬಸ್ಸು ನನ್ನ ಕೋಣೆ ಮುಂದೆ ನಿಲ್ಲಿಸಿ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. “ಇನ್ಮೇಲೆ ನನ್ನ ಅಕ್ಕ ಅನ್ಬೇಡ ನೀನು.”

ಭಾವ ಶೂಗಳನ್ನು ಜೋಡಿಸಿ ಗೋಡೆಗೆ ಒತ್ತಿಟ್ಟ. “ಎಷ್ಟು ಗಂಟೆಗೆ ನಿಲ್ಲಿಸಲಿ?”

ಮಾರನೇ ದಿನ ಹದಿನಾಲ್ಕರ ಆರು ನಾಜಲ್‌ಗಳೂ ಮೇಜಿಗೆ ಬಂದವು. ಎರಡು ಕೆಟ್ಟ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಿದ್ದವು. ಆ ಎರಡನ್ನು ಬದಲಿಸಿದಳು, ನಾಲ್ಕನ್ನು ತೊಳೆದು ಹೊಂದಿಸಿದಳು. ಆಮೇಲೆ ಅಯಸ್ಕಾಂತ ಬಿಚ್ಚಿ ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಭಾವನಿಗೂ ಹೇಳಲಿಲ್ಲ.

ಎಂಟು ದಿನದ ಮೇಲೆ ಹೊಸ ಪಟ್ಟಿ ಬಿತ್ತು. ಹದಿನಾಲ್ಕು ಎಲ್ಲವನ್ನೂ ಹಿಂದೆ ಹಾಕಿತ್ತು: ನಾಲ್ಕು ಪಾಯಿಂಟ್ ಏಳು. ಪಾಳಿ ಬದಲಾಗುವ ಹೊತ್ತು, ಡ್ರೈವರು ಕಂಡಕ್ಟರುಗಳು ಗುಂಪುಗೂಡಿದ್ದರು. ಮ್ಯಾನೇಜರ್ ಬೋರ್ಡಿನ ಮುಂದೆ ನಿಂತು, “ನೋಡಿ, ಎಂಜಿನ್ ಉಪಕರಣಕ್ಕೆ ಹೊಂದ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕಷ್ಟೆ,” ಎಂದು ವಿವರಿಸುತ್ತಿದ್ದರು.

ಹೊಗೆಯಕ್ಕ ಗುಂಪು ಸರಿಸಿಕೊಂಡು ಬಂದು, ಸೆರಗಿನಲ್ಲಿದ್ದ ಅಯಸ್ಕಾಂತ ತೆಗೆದು ಪಟ್ಟಿಯ ಮೇಲಿಟ್ಟಳು. ಅದು ಬೋರ್ಡಿಗೆ ಟಪ್ಪೆಂದು ಕಚ್ಚಿಕೊಂಡಿತು.

“ಹದಿನಾಲ್ಕರದ್ದು ಸಾರ್. ಎಂಟು ದಿನದಿಂದ ನನ್ನ ಡ್ರಾಯರಲ್ಲೇ ಇತ್ತು. ಅಲ್ಲಿಂದಲೇ ಮೈಲೇಜ್ ಕೊಡ್ತಿತ್ತೇನೋ.”

ಹಿಂದಿನಿಂದ ಯಾವನೋ ಕಂಡಕ್ಟರ್, “ಸಾರ್, ನಮ್ಮನೆ ಸ್ಕೂಟರಿಗೂ ಒಂದು ಡ್ರಾಯರ್ ಹಾಕ್ಸಿ,” ಎಂದ. ನಗು ಆಫೀಸಿನ ಮೆಟ್ಟಿಲವರೆಗೂ ಹೋಯಿತು.

ಭಾವನ ಮೆಮೊವನ್ನು ಯಾರೂ ಹರಿಯಲಿಲ್ಲ, ಯಾರೂ ಮತ್ತೆ ಎತ್ತಲೂ ಇಲ್ಲ. ಅವನು ಇಂದಿಗೂ ಹದಿನಾಲ್ಕರ ಸ್ಟೇರಿಂಗ್ ಮುಂದೆ ಕೂರುತ್ತಾನೆ. ಅನುಮತಿಯಿಲ್ಲದೆ ಉಪಕರಣ ಬಿಚ್ಚಿದ್ದಕ್ಕೆ ಹೊಗೆಯಕ್ಕನನ್ನು ಟೈರ್ ಶೆಡ್ಡಿಗೆ ಎಸೆದರು. ಸುಳ್ಳು ಅಂಟಿಸಿದವನಿಗೆ ಫ್ಯಾನಿನ ಕೆಳಗೆ ಕುರ್ಚಿ, ಬಿಚ್ಚಿ ತೋರಿಸಿದವಳಿಗೆ ರಬ್ಬರ್ ವಾಸನೆ. ಇದನ್ನು ಆಡಳಿತ ಎನ್ನುತ್ತಾರೆ. ನನ್ನ ನಾಲಿಗೆಗೆ ಬೇರೆ ಪದ ಬರುತ್ತದೆ, ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಶೆಡ್ಡಿನಲ್ಲಿ ಅವಳು ಮೊದಲ ದಿನವೇ ಕಂಡುಕೊಂಡದ್ದು, ಗಾಳಿ ಅಳೆಯುವ ಮೀಟರೇ ಸುಳ್ಳು ಹೇಳುತ್ತಿದೆ ಎಂದು. ಅರ್ಧಕ್ಕರ್ಧ ಟೈರುಗಳು ಮೆತ್ತಗಿದ್ದವು. ಮೆತ್ತಗಿನ ಟೈರನ್ನು ಎಳೆಯಲು ಎಂಜಿನ್ ಇನ್ನಷ್ಟು ಡೀಸೆಲ್ ಕುಡಿಯುತ್ತದೆ. ಹಟ ಹಿಡಿದು ಬೇರೆ ಮೀಟರ್ ತರಿಸಿದಳು. ಡಿಪೋದ ಮೈಲೇಜ್ ಮತ್ತೆ ಏರಿತು. ಇದೂ ಅಯಸ್ಕಾಂತದ್ದೇ ಮಹಿಮೆ ಎಂದು, ಅದೇ ಫಾರಂ, ಹೊಸ ತಾರೀಖು ಹಾಕಿಕೊಂಡು, ಈಗ ಟೈರ್ ಶೆಡ್ಡಿಗೇ ಬರುತ್ತದೆ, ತಿಂಗಳು ತಿಂಗಳು.

ಅಕ್ಕ ಇನ್ನೂ ಮಾತು ಬಿಟ್ಟೇ ಇದ್ದಾಳೆ. ಆದರೆ ಭಾವನ ಕೈಯಲ್ಲಿ ಊಟದ ಡಬ್ಬಿ ಎರಡು ಬರುತ್ತವೆ.

ಈ ತಿಂಗಳ ಫಾರಂ ಮೊನ್ನೆ ಆಫೀಸಿಗೆ ವಾಪಸ್ ಹೋಯಿತು. ಸಹಿಯ ಜಾಗ ಖಾಲಿ. ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ಹದಿನಾಲ್ಕರ ಆರು ಟೈರುಗಳಲ್ಲಿ ಯಾವುದಕ್ಕೆ ಎಷ್ಟು ಗಾಳಿ ಎಂದು ಬರೆದಿತ್ತು.