ನೀಲಕ್ಕನ ಎರಡನೆಯ ಪರೀಕ್ಷೆ

ದನಗಳ ವೈರಸ್ ರೋಗಗಳನ್ನು ಪತ್ತೆಹಚ್ಚುವ ಹೊರದೇಶದ ಮಾರ್ಕಮ್ ಊರಿನ ಆ ಲ್ಯಾಬಿನಲ್ಲಿ ಧಾರವಾಡದ ನೀಲಕ್ಕನನ್ನು ಅವಸರಪಡಿಸಿ ಗೆದ್ದವರು ಯಾರೂ ಇಲ್ಲ. ಒಂದೇ ಪರೀಕ್ಷೆಯನ್ನು ನಂಬಿ ಆಕೆ ಯಾವ ಹಸುವಿಗೂ ರೋಗದ ಹಣೆಪಟ್ಟಿ ಕಟ್ಟಿದವಳಲ್ಲ. ಮನೆಯಲ್ಲಿ ಹಾಲು ಕೆಟ್ಟಿದೆಯೆಂದರೆ ಮೂಸಿಯೂ ನೋಡುತ್ತಾಳೆ, ಕುದಿಸಿಯೂ ನೋಡುತ್ತಾಳೆ. ಟಿವಿಯವರು ಹಿಮ ಬೀಳುತ್ತಿದೆ ಎಂದರೆ ಕಿಟಕಿ ತೆರೆದು ಕೈ ಚಾಚಿದ ಮೇಲೆಯೇ ಒಪ್ಪುತ್ತಾಳೆ. ಎಳೆಗರುವಿನ ರಕ್ತ ಬಂದ ದಿನವಂತೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲ ಪರೀಕ್ಷೆಯ ಪ್ಲೇಟಿನಲ್ಲಿ ಬಣ್ಣ ಮೂಡಿದ್ದೇ ತಡ, ಮೈಸೂರು ಕಡೆಯ ಮ್ಯಾನೇಜರು ಸತ್ಯಪ್ರಕಾಶ್ ಬಾಗಿಲಲ್ಲಿ ನಿಂತು, "ಪಾಸಿಟಿವ್ ಅಂತ ಕಳಿಸ್ಬಿಡಿ ಮೇಡಂ. ಫಾರ್ಮಿನವರು ಕರುನ ಇವತ್ತೇ ಕಸಾಯಿಖಾನೆಗೆ ಸಾಗಿಸ್ತಾರಂತೆ" ಎನ್ನುತ್ತಾರೆ. ನೀಲಕ್ಕ ಕೈಗವಸನ್ನೂ ಕಳಚುವುದಿಲ್ಲ. "ಇಲ್ಲಿ ಕಂಡದ್ದು ವೈರಸ್ ಅಲ್ರೀ, ಆಂಟಿಬಾಡಿ. ಗಿಣ್ಣದ ಹಾಲಿನ್ಯಾಗ ಅವ್ವನಿಂದ ಬಂದಿರತದ. ಎರಡನೇ ಟೆಸ್ಟ್ ಪಿಸಿಆರ್‌ನ್ಯಾಗ ವೈರಸ್ಸೇ ಸಿಗೂತನಕಾ ನಾ ಸೈನ್ ಮಾಡಂಗಿಲ್ಲ. ಕೆಲಸದಿಂದ ತೆಗೀತೀರೇನು? ತೆಗೀರಿ!" ಅವರು ಇನ್ನೂ ತೆಗೆದಿಲ್ಲ. ಆ ಹಟ ಲ್ಯಾಬಿನ ಕೋಟಿನೊಂದಿಗೆ ಕಳಚಿಕೊಳ್ಳುವಂಥದ್ದೂ ಅಲ್ಲ. ಕನ್ನಡ ಸಂಘದ ಊಟದಲ್ಲಿ, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಆಕೆಯ ಮಗಳು ನೇತ್ರಾಳನ್ನು ತೋರಿಸಿ ಯಾರಾದರೂ, "ಇವಳಲ್ಲಿ ಕನ್ನಡ ಒಂದು ಚೂರೂ ಉಳಿದಿಲ್ಲ ಬಿಡಿ" ಎಂದರೆ ಸಾಕು, ನೀಲಕ್ಕ ತಟ್ಟೆ ಕೆಳಗಿಡುತ್ತಾಳೆ. "ಒಂದ ಟೆಸ್ಟ್ ಮಾಡಿ ಹೇಳ್ತೀರೇನ್ರೀ? ಹ್ವಾದ ಚಳಿಗಾಲದಾಗ ಮನಿ ಮುಂದಿನ ಡ್ರೈವ್‌ವೇದಾಗ ಐಸಿನ ಮ್ಯಾಲೆ ಜಾರಿ ಬಿದ್ದಾಗ, 'ಯವ್ವಾ!' ಅಂತ ಚೀರಿದ್ದು ಯಾರು?"